ಸಚಿವರೇ, ಈ ಲೆಕ್ಕ ಎಲ್ಲಿಂದ ಬಂತು?

ಕೋಲಾರ ಜಿಲ್ಲೆಯ ನಂಗಲಿ ಹಿಂದಿನಿಂದಲೂ ಗಡಿಯೂರು. ಹೊಯ್ಸಳ ವಿಷ್ಣುವರ್ಧನ ತನ್ನ ಬಿರುದುಗಳಲ್ಲಿ ತಲಕಾಡು, ಕೊಂಗುಗಳ ಜೊತೆ ನಂಗಲಿಯನ್ನೂ ಗೆದ್ದವನೆಂದು ಹೇಳಿಕೊಂಡ. ಅವನ ರಾಜ್ಯದ ಮೂಡಣ ಎಲ್ಲೆ ಇಲ್ಲಿತ್ತು. ಇವತ್ತಿಗೂ ಮುಳಬಾಗಿಲು ದಾಟಿ ಪಲಮನೇರಿನತ್ತ ಹೊರಟರೆ ಕರ್ನಾಟಕ ಮುಗಿಯುವುದು ಈ ಊರಿನ ಆಚೆಗೇ. ಕೆಲವು ವರ್ಷಗಳ ಹಿಂದಿನವರೆಗೆ ಇಲ್ಲಿ ವಾಣಿಜ್ಯ ತೆರಿಗೆ ಇಲಾಖೆಯ ಚೆಕ್‌ಪೋಸ್ಟ್ ಇತ್ತು. ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವು, ಬಿಲ್ಲಿಗೆ ಮೊಹರು ಬೀಳುತ್ತಿತ್ತು. ಸರ್ಕಾರಕ್ಕೆ ದುಡ್ಡು ಬರುವುದು ಹೀಗೆ ಎಂಬುದು ಚಹಾ ಅಂಗಡಿಯಲ್ಲಿ ಕೂತವರಿಗೂ ಕಾಣುತ್ತಿತ್ತು.

2017ರ ಜುಲೈ 1ರಂದು ಜಿಎಸ್‌ಟಿ ಬಂತು. ರಾಜ್ಯದ ಗಡಿಗಳಲ್ಲಿದ್ದ ವಾಣಿಜ್ಯ ತೆರಿಗೆ ಚೆಕ್‌ಪೋಸ್ಟ್‌ಗಳು ಮುಚ್ಚಿದವು. ಲಾರಿ ಚಾಲಕರಿಗೆ ಅದು ಒಳ್ಳೆಯದೇ ಆಯಿತು. ಆದರೆ ಅಲ್ಲಿಂದ ಮುಂದೆ ತೆರಿಗೆಯ ಹಣ ಯಾವ ದಾರಿಯಲ್ಲಿ ಹೋಗುತ್ತದೆ, ಎಷ್ಟು ಹಿಂದಿರುಗಿ ಬರುತ್ತದೆ ಎಂಬುದು ಊರಿನವರ ಕಣ್ಣಿಗೆ ಬೀಳುವ ಸಂಗತಿಯಾಗಿ ಉಳಿಯಲಿಲ್ಲ. ಈಗ ಅದನ್ನು ತಡೆದು ನಿಲ್ಲಿಸಿ ಕೇಳುವ ಜಾಗಗಳು ವಿಧಾನಸೌಧದಲ್ಲೂ ದೆಹಲಿಯ ಸಂಸತ್ ಭವನದಲ್ಲೂ ಇವೆ. ಅಲ್ಲಿ ಅದಕ್ಕೆ ಪ್ರಶ್ನೋತ್ತರ ವೇಳೆ ಎಂದು ಹೆಸರು.

ಟಿವಿಯಲ್ಲಿ ಕಾಣುವುದು ಗದ್ದಲ ಮಾತ್ರ. ಅಸಲಿ ಕೆಲಸ ಕಾಗದದ ಮೇಲೆ ನಡೆಯುತ್ತದೆ. ಲೋಕಸಭೆಯಲ್ಲಿ ಬೆಳಿಗ್ಗೆ 11ರಿಂದ 12ರವರೆಗಿನ ಒಂದು ಗಂಟೆ ಸದಸ್ಯರದು. ಒಂದು ದಿನದ ಪಟ್ಟಿಯಲ್ಲಿ 20 ಚುಕ್ಕೆ ಗುರುತಿನ ಪ್ರಶ್ನೆಗಳು, 230 ಚುಕ್ಕೆ ಗುರುತಿಲ್ಲದ ಪ್ರಶ್ನೆಗಳು. ಚುಕ್ಕೆ ಇದ್ದರೆ ಸಚಿವರು ಎದ್ದು ನಿಂತು ಬಾಯಿಮಾತಿನಲ್ಲೇ ಉತ್ತರಿಸಬೇಕು, ಮೇಲಿಂದ ಬರುವ ಉಪಪ್ರಶ್ನೆಗಳನ್ನೂ ಎದುರಿಸಬೇಕು. ಚುಕ್ಕೆ ಇಲ್ಲದಿದ್ದರೆ ಲಿಖಿತ ಉತ್ತರ ಸಿಗುತ್ತದೆ, ಅಲ್ಲಿಗೆ ಮುಗಿಯಿತು. ಯಾರ ಪ್ರಶ್ನೆ ಮೊದಲು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ಗಂಟೆ ಮುಗಿಯುವುದರೊಳಗೆ ಇಪ್ಪತ್ತರಲ್ಲಿ ನಾಲ್ಕೈದಕ್ಕೆ ಬಾಯಿಮಾತಿನ ಉತ್ತರ ಸಿಕ್ಕರೆ ಅದೇ ಹೆಚ್ಚು.

ನಮ್ಮ ವಿಧಾನಸಭೆಯ ಪ್ರಶ್ನೆಗೆ ಅದರದೇ ಒಂದು ಶೈಲಿಯಿದೆ. (ಅ), (ಆ), (ಇ) ಎಂದು ಸೀಳಿದ ಪ್ರಶ್ನೆ. ‘ಸರ್ಕಾರದ ಗಮನಕ್ಕೆ ಬಂದಿದೆಯೇ, ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು, ಸಂಪೂರ್ಣ ವಿವರ ನೀಡುವುದು’. ಎದುರಿನ ಅಂಕಣದಲ್ಲಿ ಉತ್ತರ: ‘ಬಂದಿರುವುದಿಲ್ಲ’. ಅದರ ಕೆಳಗೆ: ‘ಉದ್ಭವಿಸುವುದಿಲ್ಲ’. ಗಮನಕ್ಕೇ ಬಾರದ ಮೇಲೆ ಕ್ರಮ ಎಲ್ಲಿಂದ ಉದ್ಭವಿಸಬೇಕು? ಇದರಿಂದಲೂ ಬಗೆಹರಿಯದಿದ್ದರೆ ‘ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ’ ಎಂಬುದು ಕೊನೆಯ ಅಸ್ತ್ರ. ಇಂಥ ನಯವಾದ ನುಣುಚಾಟಗಳನ್ನು ಸಭಾಧ್ಯಕ್ಷರ ಪೀಠದಲ್ಲಿ ಕೂತು ದಿನವೂ ಕೇಳಿದವರಲ್ಲಿ ಕೋಲಾರ ಜಿಲ್ಲೆಯವರೂ ಒಬ್ಬರು. ಶ್ರೀನಿವಾಸಪುರದ ಕೆ.ಆರ್. ರಮೇಶ್ ಕುಮಾರ್ 1994ರಿಂದ 1999ರವರೆಗೆ ಒಮ್ಮೆ, 2018–19ರಲ್ಲಿ ಇನ್ನೊಮ್ಮೆ ಆ ಪೀಠದಲ್ಲಿದ್ದರು.

ಲೆಕ್ಕ ಕೇಳುವ ಈ ಹಕ್ಕು ಒಂದೇ ದಿನದಲ್ಲಿ ಸಿಕ್ಕಿದ್ದಲ್ಲ. ಮೈಸೂರು ಪ್ರಜಾಪ್ರತಿನಿಧಿ ಸಭೆ ಮೊದಲು ಸೇರಿದ್ದು 1881ರ ಅಕ್ಟೋಬರ್ 7ರಂದು, ದಸರೆಯ ಹೊತ್ತಿಗೆ. ತಾಲ್ಲೂಕುಗಳಿಂದ ಬಂದಿದ್ದ ರೈತರು, ವರ್ತಕರು ಸೇರಿ 144 ಸದಸ್ಯರ ಮುಂದೆ ದಿವಾನ್ ರಂಗಾಚಾರ್ಲು ಸಂಸ್ಥಾನದ ಆಯವ್ಯಯವನ್ನು ಓದಿದರು. ಸದಸ್ಯರು ಅಹವಾಲು ಹೇಳಬಹುದಿತ್ತು, ಮತ ಹಾಕುವಂತಿರಲಿಲ್ಲ. ಆ ವರ್ಷದ ಲೆಕ್ಕ ಸಾಮಾನ್ಯದ್ದೂ ಅಲ್ಲ. 1871ರ ಜನಗಣತಿಯಲ್ಲಿ ಸುಮಾರು 50.5 ಲಕ್ಷವಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ ಸುಮಾರು 41.9 ಲಕ್ಷಕ್ಕೆ ಇಳಿದಿತ್ತು. ನಡುವೆ 1876–78ರ ಮಹಾಕ್ಷಾಮ ಹಾದುಹೋಗಿತ್ತು. ಎಷ್ಟು ಜನ ಹೋದರು ಎಂಬುದಕ್ಕೆ ನಂಬಬಹುದಾದ ಉತ್ತರ ಸಿಕ್ಕಿದ್ದು ಆ ಎರಡು ಗಣತಿಗಳ ನಡುವಿನ ವ್ಯತ್ಯಾಸದಿಂದ. ಪ್ರಶ್ನೆ ಕೇಳುವ, ಬಜೆಟ್ ಚರ್ಚಿಸುವ ಅವಕಾಶಗಳು ಶಾಸಕಾಂಗಕ್ಕೆ ದಕ್ಕಿದ್ದು ಮುಂದೆ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ.

ಒಂದು ಅಂಕಿಯನ್ನು ಬೆನ್ನುಹತ್ತಿ ಹೋದರೆ ಏನೇನು ಸಿಗುತ್ತದೆ ಎಂಬುದಕ್ಕೆ ಕೋಲಾರದವರಿಗೆ ಎತ್ತಿನಹೊಳೆಗಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಸಕಲೇಶಪುರದ ಕಡೆ ಪಶ್ಚಿಮಕ್ಕೆ ಹರಿಯುವ ಹಳ್ಳಗಳ ನೀರನ್ನು ಎತ್ತಿ ಬಯಲುಸೀಮೆಗೆ ತರುವ ಯೋಜನೆ ಇದು. 2012ರಲ್ಲಿ ಆಡಳಿತಾತ್ಮಕ ಅನುಮೋದನೆ ಸಿಕ್ಕಾಗ ಅಂದಾಜು 8,323.50 ಕೋಟಿ ರೂಪಾಯಿ. 2014ರಲ್ಲಿ ಅದು 12,912.36 ಕೋಟಿಗೆ ಏರಿತು. 2023ರಲ್ಲಿ 23,251.66 ಕೋಟಿ. ಹನ್ನೊಂದು ವರ್ಷದಲ್ಲಿ ಹತ್ತಿರಹತ್ತಿರ ಮೂರು ಪಟ್ಟು! ಮೊದಲ ಹಂತಕ್ಕೆ ಚಾಲನೆ ಸಿಕ್ಕಿದ್ದು 2024ರ ಸೆಪ್ಟೆಂಬರ್ 6ರಂದು, ಅದೂ ಸಕಲೇಶಪುರದಲ್ಲಿ.

ಎಷ್ಟು ಖರ್ಚಾಯಿತು, ಯಾವಾಗ ಮುಗಿಯುತ್ತದೆ ಎಂದು ಸದನದಲ್ಲಿ ಕೇಳುವುದು ಸುಲಭ, ಉತ್ತರ ಹೇಳುವುದೂ ಸುಲಭ. ತೊಡಕಿನ ಪ್ರಶ್ನೆ ಬೇರೆಯಿದೆ. ಯೋಜನೆ ನಿಂತಿರುವುದು 24.01 ಟಿಎಂಸಿ ನೀರು ಸಿಗುತ್ತದೆ ಎಂಬ ಲೆಕ್ಕದ ಮೇಲೆ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಅದೇ ಜಲಾನಯನವನ್ನು ಅಧ್ಯಯನ ಮಾಡಿ, ಅಲ್ಲಿ ಸಿಗುವುದು 9.55 ಟಿಎಂಸಿ ಎಂದಿದ್ದಾರೆ. ಎರಡೂ ಅಂಕಿಗಳು ಸರಿಯಾಗಿರಲು ಸಾಧ್ಯವಿಲ್ಲ. ಹಳ್ಳದ ನೀರನ್ನು ಯಾವ ಯಾವ ವರ್ಷ, ಎಲ್ಲಿ ಅಳೆದಿರಿ ಎಂದು ಕೇಳಿದರೆ ಮಾತ್ರ ಚರ್ಚೆ ಮುಂದಕ್ಕೆ ಹೋಗುತ್ತದೆ. ನಂಗಲಿಯ ಕೆರೆಗೆ ನೀರು ಬರುವುದೋ ಇಲ್ಲವೋ ಎಂಬುದು ಈ ಉಪಪ್ರಶ್ನೆಯ ಉತ್ತರದಲ್ಲಿದೆ, ಶಂಕುಸ್ಥಾಪನೆಯ ಕಲ್ಲಿನಲ್ಲಿ ಅಲ್ಲ.

ಉಪಪ್ರಶ್ನೆಗೆ ಎಷ್ಟು ಬಲವಿದೆ ಎಂಬುದನ್ನು ದೇಶ ಕಂಡದ್ದು 1957ರಲ್ಲಿ. ಹೊಸದಾಗಿ ಹುಟ್ಟಿದ್ದ ಜೀವ ವಿಮಾ ನಿಗಮ ಹರಿದಾಸ್ ಮುಂಧ್ರಾ ಎಂಬ ಉದ್ಯಮಿಯ ಕಂಪನಿಗಳ ಷೇರುಗಳನ್ನು ಒಂದೂಕಾಲು ಕೋಟಿಯಷ್ಟು ಹಣ ಕೊಟ್ಟು ಕೊಂಡಿತ್ತು. ಲೋಕಸಭೆಯಲ್ಲಿ ಇದರ ಬೆನ್ನುಬಿಡದೆ ಕೇಳಿದವರು ಫಿರೋಜ್ ಗಾಂಧಿ, ಆಳುವ ಪಕ್ಷದವರೇ, ಪ್ರಧಾನಿ ನೆಹರೂ ಅವರ ಅಳಿಯ. ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ವಿಚಾರಣೆ ನಡೆಸಿದರು. 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಸ್ವಪಕ್ಷದ ಸಚಿವರನ್ನೇ ಹೀಗೆ ಹಿಡಿದು ಕೇಳುವ ಸದಸ್ಯರು ಈಗ ದುರ್ಬೀನು ಹಾಕಿ ಹುಡುಕಿದರೂ ಸಿಗುವುದು ಕಷ್ಟ.

ಈಚಿನದಕ್ಕೆ ಬಂದರೆ, 2024ರ ಫೆಬ್ರವರಿ 5ರಂದು ಲೋಕಸಭೆಯಲ್ಲಿ ಕಾಂಗ್ರೆಸ್ಸಿನ ಅಧೀರ್ ರಂಜನ್ ಚೌಧರಿ ಕರ್ನಾಟಕದ ತೆರಿಗೆ ಪಾಲಿನ ವಿಷಯ ಎತ್ತಿದರು. ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್, ಸ್ವತಃ ಕರ್ನಾಟಕದಿಂದಲೇ ರಾಜ್ಯಸಭೆಗೆ ಹೋದವರು. ಹಂಚಿಕೆ ನಡೆಯುವುದು ಹಣಕಾಸು ಆಯೋಗದ ಶಿಫಾರಸಿನಂತೆ, ಅದನ್ನು ತನಗೆ ತೋಚಿದಂತೆ ಬದಲಿಸುವ ಅಧಿಕಾರ ತನಗಿಲ್ಲ ಎಂದು ಅವರು ಉತ್ತರಿಸಿದರು. ಎರಡು ದಿನಗಳ ಬಳಿಕ ರಾಜ್ಯದ ಸಚಿವರು, ಶಾಸಕರು ಜಂತರ್ ಮಂತರ್‌ನಲ್ಲಿ ಧರಣಿ ಕೂತರು.

ಸಚಿವೆಯ ಮಾತು ನಿಯಮದ ಪ್ರಕಾರ ಸರಿ. ಆದರೆ ಜಗಳದ ಬೇರು ಇರುವುದು ಆ ಶಿಫಾರಸಿನ ಒಳಗಿನ ಅಂಕಿಅಂಶಗಳಲ್ಲಿ. 14ನೇ ಹಣಕಾಸು ಆಯೋಗ ರಾಜ್ಯಗಳ ಪಾಲಿನ ಹಣದಲ್ಲಿ ಕರ್ನಾಟಕಕ್ಕೆ ಶೇ 4.713 ಕೊಟ್ಟಿತ್ತು. 15ನೇ ಆಯೋಗದಲ್ಲಿ ಅದು ಶೇ 3.647 ಆಯಿತು. 15ನೇ ಆಯೋಗದ ಸೂತ್ರದಲ್ಲಿ 45 ಅಂಕ ‘ಆದಾಯದ ಅಂತರ’ಕ್ಕಿತ್ತು. ತಲಾ ಆದಾಯ ಹೆಚ್ಚಿರುವ ರಾಜ್ಯಕ್ಕೆ ಕಡಿಮೆ ಪಾಲು ಎಂದು ಅದರ ಅರ್ಥ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ ಗಳಿಕೆಯೂ ಮುಳಬಾಗಿಲು ಕಡೆಯ ವಡ್ಡಹಳ್ಳಿ ಮಾರುಕಟ್ಟೆಗೆ ಟೊಮೆಟೊ ತರುವ ರೈತನ ಗಳಿಕೆಯೂ ಒಂದೇ ಸರಾಸರಿಯಲ್ಲಿ ಕಲಸಿಹೋಗುತ್ತವೆ. ಸರಾಸರಿಯ ಪ್ರಕಾರ ಆ ರೈತ ಸ್ಥಿತಿವಂತ. 2020–21ಕ್ಕೆ ಅದೇ ಆಯೋಗ ತನ್ನ ಮೊದಲ ವರದಿಯಲ್ಲಿ ಕರ್ನಾಟಕಕ್ಕೆ ಸೂಚಿಸಿದ್ದ 5,495 ಕೋಟಿ ರೂಪಾಯಿಯ ವಿಶೇಷ ಅನುದಾನ ಬರಲೇ ಇಲ್ಲ. ಆ ಬಗ್ಗೆ ಸಂಸತ್ತಿನಲ್ಲೂ ವಿಧಾನಸಭೆಯಲ್ಲೂ ಮಾತು ಇನ್ನೂ ಬಗೆಹರಿದಿಲ್ಲ.

ಅಂಕಿಯೇ ಇಲ್ಲ ಎಂಬುದೂ ಒಂದು ಉತ್ತರ. 2020ರ ಸೆಪ್ಟೆಂಬರಿನಲ್ಲಿ, ಕೋವಿಡ್ ಕಾರಣಕ್ಕೆ ಪ್ರಶ್ನೋತ್ತರ ವೇಳೆಯನ್ನೇ ಕೈಬಿಟ್ಟಿದ್ದ ಅಧಿವೇಶನದಲ್ಲಿ, ಲಾಕ್‌ಡೌನಿನಲ್ಲಿ ಊರಿಗೆ ಮರಳುವಾಗ ಸತ್ತ ವಲಸೆ ಕಾರ್ಮಿಕರೆಷ್ಟು ಎಂಬ ಪ್ರಶ್ನೆಗೆ ಕಾರ್ಮಿಕ ಸಚಿವಾಲಯ ಕೊಟ್ಟ ಲಿಖಿತ ಉತ್ತರ: ಅಂಥ ದತ್ತಾಂಶ ಇಟ್ಟಿಲ್ಲ. ಹಾಗಾಗಿ ಪರಿಹಾರದ ಪ್ರಶ್ನೆಯೂ ಇಲ್ಲ. ನಮ್ಮ ವಿಧಾನಸೌಧದ ‘ಉದ್ಭವಿಸುವುದಿಲ್ಲ’ ಇದರ ದಾಯಾದಿಯೇ.

ಈ ವಿಷಯದಲ್ಲಿ ರಾಜ್ಯಕ್ಕೂ ಬೀಗುವ ಹಕ್ಕಿಲ್ಲ. 2015ರಲ್ಲಿ ಎಚ್. ಕಾಂತರಾಜ ಅಧ್ಯಕ್ಷತೆಯ ಹಿಂದುಳಿದ ವರ್ಗಗಳ ಆಯೋಗ ಮನೆಮನೆಗೆ ಹೋಗಿ ಜಾತಿ ಸಮೀಕ್ಷೆ ಮಾಡಿತು. ವರದಿ ಸರ್ಕಾರದ ಕೈ ಸೇರಿದ್ದು 2024ರ ಫೆಬ್ರವರಿ 29ರಂದು. ನಡುವೆ ಬಂದ ಸರ್ಕಾರಗಳಲ್ಲಿ ರಾಜ್ಯದ ಮೂರೂ ದೊಡ್ಡ ಪಕ್ಷಗಳು ಇದ್ದವು. ಕೊನೆಗೆ ಅಂಕಿಗಳು ಹಳೆಯವಾದವೆಂದು 2025ರ ಸೆಪ್ಟೆಂಬರಿನಲ್ಲಿ ಹೊಸ ಸಮೀಕ್ಷೆಯೇ ಶುರುವಾಯಿತು. ಒಂದೇ ಲೆಕ್ಕಕ್ಕೆ ಬೊಕ್ಕಸ ಎರಡು ಸಲ ತೆತ್ತಿತು.

ದೇಶದ ಜನಗಣತಿಯದು ಇನ್ನೂ ದೊಡ್ಡ ಕಥೆ. 1881ರಿಂದ ಹತ್ತು ವರ್ಷಕ್ಕೊಮ್ಮೆ ತಪ್ಪದೆ ನಡೆದದ್ದು 2021ರಲ್ಲಿ ನಿಂತಿತು. 2025ರ ಜೂನ್ 16ರ ಅಧಿಸೂಚನೆಯಂತೆ ಮುಂದಿನ ಗಣತಿಯ ದಿನಾಂಕ 2027ರ ಮಾರ್ಚ್ 1. ಅದರ ಅಂಕಿಗಳು ಹೊರಬೀಳುವವರೆಗೆ ಆಹಾರ ಭದ್ರತಾ ಕಾಯ್ದೆಯಡಿ ಅಕ್ಕಿ ಪಡೆಯುವವರ ಮಿತಿ 2011ರ ಗಣತಿಗೇ ಕಟ್ಟುಬಿದ್ದಿರುತ್ತದೆ. ದೇಶಕ್ಕೆ 81.35 ಕೋಟಿ, ಕರ್ನಾಟಕಕ್ಕೆ ಸುಮಾರು 4 ಕೋಟಿ. 2025ರ ಫೆಬ್ರವರಿಯಲ್ಲಿ ರಾಜ್ಯಸಭೆಯ ಶೂನ್ಯ ವೇಳೆಯಲ್ಲಿ ಸೋನಿಯಾ ಗಾಂಧಿ, ಇದರಿಂದ ಸುಮಾರು 14 ಕೋಟಿ ಅರ್ಹರು ಹೊರಗುಳಿದಿದ್ದಾರೆ ಎಂದರು. 2011ರ ನಂತರ ಹುಟ್ಟಿದ ಮಕ್ಕಳು ಈ ಮಿತಿಯ ಲೆಕ್ಕದಲ್ಲಿಲ್ಲ. ಅವರಲ್ಲಿ ಹಿರಿಯರು ಆಗಲೇ ಹೈಸ್ಕೂಲು ಸೇರಿದ್ದಾರೆ.