ಸಿಬಿಲ್ ರಿಪೇರಿಗೆ ದುಡ್ಡು ಕೊಡುವ ಮುನ್ನ

ಬ್ಯಾಂಕಿನಲ್ಲಿ ಸಾಲ ಸಿಗದೆ ಕಂಗಾಲಾದವರಿಗೆ ‘ಒಂದೇ ತಿಂಗಳಲ್ಲಿ ಸಿಬಿಲ್ ಸ್ಕೋರ್ 750 ದಾಟಿಸುತ್ತೇವೆ’ ಎಂಬ ಜಾಹೀರಾತು ಆಸೆ ಹುಟ್ಟಿಸುವುದು ಸಹಜ. ಈ ಸೇವೆ ಕೊಡುವವರಲ್ಲಿ ಯಾರನ್ನು ನಂಬಬಹುದು ಎಂದು ತಿಳಿಯಲು ಮೊದಲು ಸ್ಕೋರ್ ಹೇಗೆ ಬರುತ್ತದೆ ಎಂಬುದನ್ನು ನೋಡಬೇಕು. ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಎಂಬ ನಾಲ್ಕು ಕಂಪನಿಗಳು ನಮ್ಮ ಸಾಲದ ಚರಿತ್ರೆಯನ್ನು ಇಟ್ಟುಕೊಂಡು 300ರಿಂದ 900ರೊಳಗೆ ಅಂಕ ಕೊಡುತ್ತವೆ. ಆದರೆ ಆ ಚರಿತ್ರೆಯನ್ನು ಬರೆಯುವುದು ಸಾಲ ಕೊಟ್ಟ ಬ್ಯಾಂಕು. ಬ್ಯಾಂಕು ಒಪ್ಪದೆ ಈ ಕಂಪನಿಗಳು ಒಂದಕ್ಷರವನ್ನೂ ತಿದ್ದುವಂತಿಲ್ಲ. ಹಾಗಾಗಿ ‘ಸಿಬಿಲ್‌ನಲ್ಲಿ ನಮ್ಮ ಜನ ಇದ್ದಾರೆ’ ಎನ್ನುವ ಏಜೆಂಟನ ಜತೆ ಮಾತು ಮುಂದುವರಿಸುವ ಅಗತ್ಯವೇ ಇಲ್ಲ.

ತಿದ್ದಬಹುದಾದದ್ದು ತಪ್ಪು ಮಾಹಿತಿಯನ್ನು ಮಾತ್ರ. ವರದಿಯಲ್ಲಿ ಪ್ರತಿ ಸಾಲದ ಕೆಳಗೂ ತಿಂಗಳುವಾರು ಚೌಕಗಳಿರುತ್ತವೆ. ಕಂತು ಎಷ್ಟು ದಿನ ತಡವಾಯಿತು ಎಂಬ ಲೆಕ್ಕ ಅಲ್ಲಿರುತ್ತದೆ. ‘000’ ಇದ್ದರೆ ಬಾಕಿಯಿಲ್ಲ, ‘060’ ಇದ್ದರೆ ಅರವತ್ತು ದಿನ ತಡ. ಬೈಕ್ ಸಾಲ ತೀರಿಸಿ ಎನ್‌ಒಸಿ ಕೈಗೆ ಬಂದಿದ್ದರೂ ಅಲ್ಲಿ ಬಾಕಿ ಕಾಣಿಸುತ್ತಿದ್ದರೆ, ಅಥವಾ ನಿಮ್ಮದೇ ಹೆಸರಿನ ಇನ್ನಾರದೋ ಸಾಲ ನಿಮ್ಮ ತಲೆಗೆ ಬಂದಿದ್ದರೆ ಅದು ತಪ್ಪು. ಕಂತು ಕಟ್ಟದೆ ಬಿದ್ದ ‘060’ ತಪ್ಪಲ್ಲ, ಅದನ್ನು ಯಾರೂ ಅಳಿಸಲಾರರು. ಪ್ರತಿ ಕಂಪನಿಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ತಕರಾರು ಸಲ್ಲಿಸಲೂ ಶುಲ್ಕವಿಲ್ಲ. 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕ್ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ.

ಇಷ್ಟೆಲ್ಲ ಉಚಿತವಾದರೆ ಮಧ್ಯವರ್ತಿಯೇ ಬೇಡವೇ? ಇಂಗ್ಲಿಷ್ ವರದಿ ಓದಲು ಬಾರದವರಿಗೆ, ಬ್ಯಾಂಕಿಗೆ ಅಲೆಯಲು ಪುರುಸೊತ್ತಿಲ್ಲದವರಿಗೆ ಬೇಕಾಗಬಹುದು. ಅರ್ಜಿ ಬರೆದುಕೊಟ್ಟವರಿಗೆ ಕೂಲಿ ಕೊಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಕೊಡುವ ದುಡ್ಡು ಆ ಕೆಲಸಕ್ಕೇ ಹೊರತು ಅಂಕಕ್ಕಲ್ಲ. ನಂಬಿಕಸ್ಥರಾದವರು ಮೊದಲು ವರದಿ ನೋಡಿ, ಯಾವ ಸಾಲದ ಯಾವ ನಮೂದು ತಪ್ಪು ಎಂದು ಬೆರಳಿಟ್ಟು ತೋರಿಸುತ್ತಾರೆ. ತಪ್ಪೇ ಇಲ್ಲದಿದ್ದರೆ ವಾಪಸ್ ಕಳಿಸುತ್ತಾರೆ. ಮುಂಗಡಕ್ಕೆ ಕೈಚಾಚುವವರು ಅನುಮಾನಕ್ಕೆ ಅರ್ಹರು. ಅಮೆರಿಕದಲ್ಲಿ 1996ರ ಕಾನೂನೇ, ಕೆಲಸ ಮುಗಿಯುವ ಮುನ್ನ ಇಂಥ ಸಂಸ್ಥೆಗಳು ಹಣ ಪಡೆಯಬಾರದು ಎನ್ನುತ್ತದೆ. ಓಟಿಪಿ ಕೇಳುವವರ ಬಗ್ಗೆ ಹೇಳುವುದೇ ಬೇಡ. ‘ಅರ್ಧ ಕಟ್ಟಿ ಸೆಟ್ಲ್ ಮಾಡಿಸೋಣ’ ಎಂಬ ಸಲಹೆಗೂ ತಕ್ಷಣ ತಲೆಯಾಡಿಸಬೇಡಿ. ಹಾಗೆ ಮುಗಿಸಿದ ಸಾಲ ವರದಿಯಲ್ಲಿ ‘ಸೆಟಲ್ಡ್’ ಎಂದೇ ವರ್ಷಗಟ್ಟಲೆ ಉಳಿಯುತ್ತದೆ, ಮುಂದಿನ ಬ್ಯಾಂಕು ಅದನ್ನು ‘ಕ್ಲೋಸ್ಡ್’ಗೆ ಸಮ ಎಂದು ನೋಡುವುದಿಲ್ಲ.

‘ದುಡ್ಡು ಕೊಟ್ಟ ಮೇಲೆ ಸ್ಕೋರ್ ಏರಿತಲ್ಲ’ ಎನ್ನುವವರೂ ಸಿಗುತ್ತಾರೆ. ಏರಿರಬಹುದು. ಆ ತಿಂಗಳುಗಳಲ್ಲಿ ಅವರು ಬಾಕಿ ತೀರಿಸಿರುತ್ತಾರೆ, ಕ್ರೆಡಿಟ್ ಕಾರ್ಡನ್ನು ಮಿತಿಯವರೆಗೆ ಉಜ್ಜುವುದನ್ನು ಬಿಟ್ಟಿರುತ್ತಾರೆ. ಅಂಕ ಏರಿಸಿದ್ದು ಅದು. ಏಜೆಂಟನ ಬಿಲ್ಲು ಬೇರೆ ಲೆಕ್ಕ.

ನಿಮ್ಮ ತಕರಾರಿಗೆ ತಿಂಗಳಾದರೂ ಉತ್ತರ ಬಾರದಿದ್ದರೆ ಏಜೆಂಟನ ಬಳಿ ಓಡಬೇಡಿ. ಈ ನಾಲ್ಕೂ ಕಂಪನಿಗಳು 2022ರ ಸೆಪ್ಟೆಂಬರ್‌ನಿಂದ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ವ್ಯಾಪ್ತಿಗೆ ಬಂದಿವೆ. ಅಲ್ಲಿ ದೂರು ಕೊಡಲು ಒಂದು ರೂಪಾಯಿಯೂ ಖರ್ಚಿಲ್ಲ.