ನೆರವಿನ ಕಾಯಕಕ್ಕೆ ನೀತಿಯ ನೆಲೆ

ದಾಸೋಹವೆಂದರೆ ಕೇವಲ ಕೊಡುವುದಲ್ಲ. ಪಡೆಯುವವರ ಮಾನಕ್ಕೆ ಕುಂದು ಬಾರದಂತೆ ಕೊಡುವುದು. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅದನ್ನು ಮರಳಿ ಸುರಿದು ಬರುವಂತೆ ಸತಿ ಲಕ್ಕಮ್ಮನು ಹೇಳಿದ ಪ್ರಸಂಗವನ್ನು ನಮ್ಮ ಮನೆಗಳಲ್ಲಿ ಅರಿಯದವರು ವಿರಳ. ತಮಗೆ ಏನು ಬೇಕು, ಎಷ್ಟು ಬೇಕು ಎಂಬುದನ್ನು ಬಡವರೇ ನಿರ್ಧರಿಸಬಲ್ಲರೆಂಬ ತತ್ತ್ವ ಅಲ್ಲಿ ಅಡಗಿದೆ. ರೋಗಿಗಳ, ವೃದ್ಧರ, ವಿಕಲಚೇತನರ ಪುನರ್ವಸತಿಯನ್ನು ಕಾಯಕವಾಗಿ ಕೈಗೊಂಡ ಸಮಾಜಕಾರ್ಯಕರ್ತರು, ಆಪ್ತಸಲಹೆಗಾರರು, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಈ ತತ್ತ್ವವನ್ನು ದಿನವೂ ಪರೀಕ್ಷೆಗೆ ಒಡ್ಡಬೇಕಾಗುತ್ತದೆ.

ಇದಕ್ಕೆ ಕೋಲಾರ ಚಿನ್ನದ ಗಣಿ ಪ್ರದೇಶಕ್ಕಿಂತ ಮಿಗಿಲಾದ ನಿದರ್ಶನ ದೊರೆಯುವುದು ಕಷ್ಟ. 1880ರಲ್ಲಿ ಜಾನ್ ಟೇಲರ್ ಕಂಪನಿಯು ಕೈಗೆತ್ತಿಕೊಂಡ ಗಣಿಗಾರಿಕೆ ಚಾಂಪಿಯನ್ ರೀಫ್‌ನಲ್ಲಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ದುಡಿಯುವ ವಯಸ್ಸಿನವರು ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿನ ರೈಲು ಹಿಡಿದರು. ಗಣಿಯ ಧೂಳು ಮಾತ್ರ ಹಿರಿಯರ ಶ್ವಾಸಕೋಶಗಳಲ್ಲಿ ಉಳಿಯಿತು. ಭಾರತದಲ್ಲಿ ಸಿಲಿಕೋಸಿಸ್ ರೋಗವು ಮೊದಲು ವರದಿಯಾದದ್ದು ಈ ಗಣಿಗಳಿಂದಲೇ, 1947ರಲ್ಲಿ. ಕಲ್ಲಿನ ಸೂಕ್ಷ್ಮ ಧೂಳಿನಿಂದ ಶ್ವಾಸಕೋಶದಲ್ಲಾಗುವ ಗಾಯದ ಕಲೆ ಮತ್ತೆ ಮಾಯುವುದಿಲ್ಲ. ಕೆಲಸ ಬಿಟ್ಟು ಎಷ್ಟೋ ವರ್ಷಗಳ ಮೇಲೂ ರೋಗ ತಲೆದೋರಬಹುದು. ಅಂಥವರಿಗೆ ಕ್ಷಯ ತಗಲುವ ಸಂಭವವೂ ಹೆಚ್ಚು.

ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ಗಣಿಯ ಹಳೆಯ ಲೈನ್ ಮನೆಯೊಂದರಲ್ಲಿರುವ ವೃದ್ಧರಿಗೆ ಸಿಲಿಕೋಸಿಸ್ ಜೊತೆಗೆ ಕ್ಷಯವೂ ಇದೆಯೆಂದು ತಿಳಿಯುತ್ತದೆ. ಅದೇ ಸೂರಿನಡಿ ಮೂರು ವರ್ಷದ ಮೊಮ್ಮಗನಿದ್ದಾನೆ. ಹಿರಿಯ ಮೊಮ್ಮಗಳಿಗೆ ಸಂಬಂಧದ ಮಾತುಕತೆ ನಡೆದಿದೆ. "ಮನೆಯಲ್ಲಿ ಯಾರಿಗೂ ಹೇಳಬೇಡಿರಮ್ಮಾ, ಮಗುವಿನ ಮದುವೆ ನಿಂತುಹೋಗುತ್ತದೆ" ಎಂದು ಅವರು ಕಾರ್ಯಕರ್ತೆಯ ಮುಂದೆ ಕೈಮುಗಿಯುತ್ತಾರೆ. ಈಗ ಆಕೆ ಮಾಡಬೇಕಾದುದೇನು?

ಮೊದಲು ಆಕೆ ಸಂಗತಿಯನ್ನು ನಿಖರವಾಗಿ ಅರಿಯಬೇಕು. ಕ್ಷಯವನ್ನು ಆರೋಗ್ಯ ಇಲಾಖೆಗೆ ವರದಿ ಮಾಡುವುದು 2012ರಿಂದ ಕಡ್ಡಾಯವಾಗಿದೆ. ಅದನ್ನು ತಡೆಯುವೆನೆಂಬ ಆಶ್ವಾಸನೆ ಸಲ್ಲದು. ಎರಡನೆಯದಾಗಿ, ವೃದ್ಧರೊಡನೆ ಅವರ ಮನೆಮಾತಿನಲ್ಲಿಯೇ ಮಾತನಾಡಬೇಕು. ತಮಿಳು, ತೆಲುಗು, ಕನ್ನಡ ಬೆರೆತ ಆ ಊರಿನಲ್ಲಿ ಮಗನನ್ನೇ ದುಭಾಷಿಯಾಗಿ ಕೂರಿಸಿದರೆ ಗುಟ್ಟೂ ಉಳಿಯದು, ಸತ್ಯವೂ ಹೊರಬಾರದು. ಔಷಧಿ ಉಚಿತವೆಂದು, ಸರಿಯಾಗಿ ಸೇವಿಸಿದರೆ ಕ್ಷಯ ಗುಣವಾಗುವುದೆಂದು, ಮಗುವಿಗೆ ಪರೀಕ್ಷೆ ಮಾಡಿಸಿ ತಡೆಮದ್ದು ಕೊಡಿಸಬಹುದೆಂದು ತಿಳಿಹೇಳಿದರೆ ಅವರ ಭಯ ಅರ್ಧ ಇಳಿದೀತು. "ಎರಡು ದಿನಗಳೊಳಗೆ ತಾವೇ ಹೇಳಿರಿ, ನಾನು ಪಕ್ಕದಲ್ಲಿರುವೆ" ಎನ್ನುವುದು ವಿಹಿತವಾದ ಮಾರ್ಗ.

ಆಗಲೂ ಅವರು ಒಪ್ಪದಿದ್ದರೆ? ಗೋಪ್ಯ ದೊಡ್ಡದು, ತನ್ನ ರಕ್ಷಣೆಯನ್ನು ತಾನೇ ಕೇಳಲಾರದ ಕೂಸಿನ ಉಸಿರು ಅದಕ್ಕಿಂತ ದೊಡ್ಡದು. ವೈದ್ಯರೊಡನೆ, ತನ್ನ ಮೇಲಧಿಕಾರಿಗಳೊಡನೆ ಸಮಾಲೋಚಿಸಿ, ವೃದ್ಧರಿಗೆ ಮುಂಚಿತವಾಗಿಯೇ ತಿಳಿಸಿ, ಮಗುವಿನ ತಂದೆತಾಯಿಗೆ ಮಾತ್ರ, ಅಗತ್ಯವಿರುವಷ್ಟನ್ನು ಮಾತ್ರ ತಿಳಿಯಪಡಿಸಬೇಕು. ಹಾಗೆ ಮಾಡಿದ ಕಾರಣವನ್ನು ದಾಖಲೆಯಲ್ಲಿ ಬರೆದಿಡಬೇಕು. ಬೆನ್ನ ಹಿಂದೆ ಹೇಳುವುದು ದ್ರೋಹ. ಎದುರಿಗೆ ತಿಳಿಸಿ ಹೇಳುವುದು ಕಠಿಣವಾದರೂ ಪ್ರಾಮಾಣಿಕ. ಮದುವೆಯ ಬೀಗರಿಗಾದರೋ ಈ ವಿಷಯವನ್ನು ಆಕೆಯ ಬಾಯಿಂದ ಕೇಳುವ ಯಾವ ಹಕ್ಕೂ ಇಲ್ಲ.

ಕಾನೂನೂ ಇದೇ ದಿಕ್ಕನ್ನು ತೋರುತ್ತದೆ. ಪುನರ್ವಸತಿ ವೃತ್ತಿಪರರ ನೋಂದಣಿ ಹಾಗೂ ನಡತೆಯ ಮಾನದಂಡಗಳಿಗೆ 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆ ಅವಕಾಶ ಕಲ್ಪಿಸಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಅವರಿಗೂ ಇತರರಂತೆಯೇ ಕಾನೂನಾತ್ಮಕ ಸಾಮರ್ಥ್ಯವುಂಟೆಂದು ಮನ್ನಿಸಿ, ಪೋಷಕರು ಬೇಕಾದೆಡೆಯಲ್ಲಿಯೂ ನಿರ್ಧಾರವು ಪರಸ್ಪರ ತಿಳಿವಳಿಕೆ ಮತ್ತು ವಿಶ್ವಾಸದಿಂದ ಜಂಟಿಯಾಗಿ ಆಗಬೇಕೆಂದು ವಿಧಿಸಿತು. ನೆರವು ಪಡೆಯುವವರನ್ನು ಬಿಟ್ಟು ಅವರ ಬದುಕಿನ ತೀರ್ಮಾನ ಮಾಡಬಾರದೆಂಬುದೇ ಇದರ ಸಾರ. ಕುಲ, ವೃತ್ತಿ, ಲಿಂಗಗಳ ಭೇದವೆಣಿಸದೆ ಎಲ್ಲರ ಮಾತಿಗೂ ಎಡೆಯಿತ್ತ ಅನುಭವ ಮಂಟಪದ ವಾರಸುದಾರರಾದ ನಮಗೆ ಇದು ಹೊಸ ಪಾಠವಲ್ಲ.

ಇಷ್ಟೆಲ್ಲ ಹೊಣೆ ಕಾರ್ಯಕರ್ತರದೊಂದೇ ಅಲ್ಲ. ಸಂಬಂಧ ಕೂಡಿಸುವಾಗ "ಆ ಮನೆಯ ಹಿರಿಯರಿಗೆ ಏನು ಕಾಯಿಲೆ?" ಎಂದು ದಾದಿಯರನ್ನೋ ಅಂಗನವಾಡಿಯವರನ್ನೋ ಗುಟ್ಟಾಗಿ ವಿಚಾರಿಸುವ ರೂಢಿ ನಮ್ಮ ಕುಟುಂಬಗಳಲ್ಲಿಯೂ ಉಂಟು. ರೋಗವನ್ನು ಕಳಂಕವೆಂದು ಎಣಿಸುವ ನಮ್ಮ ಈ ಕುತೂಹಲವೇ ಆ ವೃದ್ಧರು ಕೈಮುಗಿಯುವಂತೆ ಮಾಡಿದ್ದು. ಅಂಥ ಪ್ರಶ್ನೆಯನ್ನು ನಾವು ಕೇಳದಿರುವುದೂ ಒಂದು ದಾಸೋಹವೇ. ಬಂಧುಗಳು ಇದನ್ನು ಮನೆಮಂದಿಯೊಡನೆ ಕುಳಿತು ಚಿಂತಿಸುವರೆಂದು ಆಶಿಸುತ್ತೇವೆ.