ಅನುಪಾತದ ಸಂಕ್ಷೇಪ

ಪ್ರೌಢಶಾಲೆಯ ಗಣಿತದಲ್ಲಿ ಅನುಪಾತವನ್ನು ಸಂಕ್ಷೇಪಿಸುವ ಕ್ರಿಯೆಯು ಅತಿ ಸುಲಭವೆಂದೇ ಪರಿಗಣಿತವಾಗಿದೆ. ಎರಡು ಪದಗಳನ್ನೂ ಅವುಗಳ ಮಹತ್ತಮ ಸಾಮಾನ್ಯ ಅಪವರ್ತನದಿಂದ ಭಾಗಿಸಿದರೆ ಕೆಲಸ ಮುಗಿಯಿತು. ಆದರೆ ವಿದ್ಯಾರ್ಥಿಗಳು ಎಡವುವುದು ಬಹುಮಟ್ಟಿಗೆ ಭಾಗಾಕಾರಕ್ಕೆ ಮೊದಲೇ.

ದಾಸೋಹದ ಅಡುಗೆಗೆ 2 ಕಿಲೋಗ್ರಾಂ ಅಕ್ಕಿಯೂ 500 ಗ್ರಾಂ ಬೇಳೆಯೂ ಬೇಕೆನ್ನೋಣ. ಅಂಕಿಗಳನ್ನಷ್ಟೇ ಕಂಡ ಬಾಲಕನು 2:500 ಎಂದು ಬರೆದು, ಅದನ್ನು 1:250 ಎಂದು ಸಂಕ್ಷೇಪಿಸುತ್ತಾನೆ. ಭಾಗಾಕಾರವೇನೋ ನಿರ್ದುಷ್ಟ, ಅರ್ಥ ಮಾತ್ರ ವಿಪರೀತ. ಅಕ್ಕಿಯ ಇನ್ನೂರೈವತ್ತರಷ್ಟು ಬೇಳೆ ಸುರಿದ ಅಡುಗೆಯನ್ನು ಯಾವ ಪಂಕ್ತಿಗೆ ಬಡಿಸುವುದು? ಏಕಮಾನಗಳನ್ನು ಒಂದಾಗಿಸಿದಾಗ ಅದು 2000:500, ಅಂದರೆ 4:1.

ಸಂಕ್ಷೇಪವೆಂದರೆ ಭಾಗಾಕಾರವೇ ಎಂಬ ನಂಬಿಕೆ ಇನ್ನೊಂದು ತೊಡಕು. 1/2:1/3 ಎಂಬಲ್ಲಿ ಎರಡನ್ನೂ 6ರಿಂದ ಗುಣಿಸಿದಾಗಲೇ 3:2 ದೊರೆಯುತ್ತದೆ. ಕಳೆಯುವುದಂತೂ ಸಲ್ಲದು. 8:6ರ ಎರಡೂ ಪದಗಳಿಂದ 2 ಕಳೆದರೆ, 4:3 ಆಗಿದ್ದುದು 3:2 ಆಗಿಬಿಡುತ್ತದೆ.

ಈ 3:2 ಶಾಲೆಯ ಅಂಗಳದಲ್ಲಿಯೇ ಹಾರುತ್ತದೆ. ರಾಷ್ಟ್ರಧ್ವಜದ ಉದ್ದ ಅಗಲಗಳ ಅನುಪಾತವು ಅದೇ. 2002ರ ಧ್ವಜಸಂಹಿತೆಯಲ್ಲಿ 6300×4200 ಮಿಲಿಮೀಟರಿನಿಂದ 150×100 ಮಿಲಿಮೀಟರಿನವರೆಗೆ ಒಂಬತ್ತು ಅಳತೆಗಳಿವೆ. ಮೊದಲನೆಯದನ್ನು 2100ರಿಂದ, ಕೊನೆಯದನ್ನು 50ರಿಂದ ಭಾಗಿಸಬೇಕು. 1350×900 ಕೊಂಚ ಶ್ರಮ ಬೇಡುತ್ತದೆ. ಅಲ್ಲಿನ ಅಪವರ್ತನ 450. ಪಠ್ಯದ ಹತ್ತಾರು ಒಣ ಲೆಕ್ಕಗಳಿಗಿಂತ ಈ ಒಂಬತ್ತು ಮೇಲು. ಇವನ್ನು ಕರಿಹಲಗೆಯ ಮೇಲೆ ಬರೆದು ತರಗತಿಗೆ ಹಂಚಿದರೆ ಒಂದು ಅವಧಿ ಸಾಕಾಗುತ್ತದೆ.